ತೂಬಿನ ತಿರುವು

ಗದ್ದೆಯ ಕೆಸರಿನಿಂದ ಜೀಪು ನಾಲೆಯ ಏರಿ ಹತ್ತಿ ನಿಂತಾಗ ವಾಣಿಗೆ ಅರ್ಧ ಗೆದ್ದೆ ಅನ್ನಿಸಿತು. ಉಳಿದರ್ಧ ಎಷ್ಟು ದೊಡ್ಡದು ಅಂತ ಪಾಪ ಅವಳಿಗೆ ಆಗ ಗೊತ್ತಿರಲಿಲ್ಲ. ತಿರುಗಿ ನೋಡಿದಳು. ಜೀಪಿನ ಹಿಂಭಾಗದಲ್ಲಿ ಒಂದು ಹಳೇ ಬಾಗಿಲಿನ ಹಲಗೆ, ಹಲಗೆಯ ಮೇಲೆ ಹಗ್ಗದಲ್ಲಿ ಕಟ್ಟಿಸಿಕೊಂಡು ಮಲಗಿದ ಮಾವ ಗುರುಮಲ್ಲಪ್ಪ. ಅವರ ತಲೆಯ ಪಕ್ಕದಲ್ಲಿ ಅತ್ತೆ ವಿಶಾಲಮ್ಮ, ತೊಡೆಯ ಮೇಲೊಂದು ಮಣೆ. ಮನೆಯೊಳಗೆ ಹೊಳೆ ನುಗ್ಗುತ್ತಿರುವಾಗ ಬಟ್ಟೆ, ಪಾತ್ರೆ, ಒಡವೆ ಎಲ್ಲ ಬಿಟ್ಟು, ಗಂಡ ಕೂತು ಉಣ್ಣುವ ಮಣೆಯನ್ನು ಹೊತ್ತು ತಂದ ಮಹಾತಾಯಿ ಅವರು.

ಊರಲ್ಲಿ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮಳೆ ಸುರಿದದ್ದು ವಯನಾಡಿನಲ್ಲಿ. ಕಪಿಲೆಯ ಬುದ್ಧಿಯೇ ಅಷ್ಟು, ಯಾರದೋ ಊರಿನ ಮಳೆಗೆ ನಮ್ಮ ಹೊಲ ಮುಳುಗಿಸುತ್ತಾಳೆ. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತು ಅಂತ ಬೆಳಿಗ್ಗೆ ಸುದ್ದಿ ಬಂದದ್ದೇ ತಡ, ಹೊಳೆ ಕೆಳಗಿನ ತೋಟದ ಮನೆಯವರೆಲ್ಲ ಹಸು ಕರು ಬಿಚ್ಚಿಕೊಂಡು ದಿಣ್ಣೆಯ ಕಡೆ ಹೊರಟರು. ಗುರುಮಲ್ಲಪ್ಪ ಮಾತ್ರ ದಂಡೆಯ ಮೇಲಿದ್ದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿಕೊಂಡು ಬರುತ್ತೇನೆ ಅಂತ ಹೋದರು. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿಯಿತು, ಸ್ಟಾರ್ಟರ್ ಹೊಳೆಪಾಲಾಯಿತು. ಪಕ್ಕದ ತೋಟದ ನಾಗಯ್ಯನೂ ಅವನ ಮಕ್ಕಳೂ ಅವರನ್ನು ಹಲಗೆಗೆ ಕಟ್ಟಿ ಜೀಪಿಗೆ ಏರಿಸಿಕೊಟ್ಟು, ಎರಡು ಮನೆಯ ದನಗಳನ್ನೂ ಹೊಡೆದುಕೊಂಡು ಮೇಲಿನ ಓಣಿ ಹಿಡಿದರು. ಅವರು ಹೋಗಿ ವಾಣಿ ಜೀಪು ಹೊರಡಿಸುವಷ್ಟರಲ್ಲಿ ಆ ಓಣಿಯೂ ಮುಳುಗಿತು. ತಾಲ್ಲೂಕು ಕಚೇರಿಗೆ ಫೋನ್ ಮಾಡಿದರೆ, ಬೋಟು ನರಸೀಪುರದ ಕಡೆ ಇನ್ನೊಂದು ಹಳ್ಳಿಯಲ್ಲಿದೆ, ಬರುವುದು ಹೊತ್ತಾಗುತ್ತದೆ ಅಂದರು. ಉಳಿದದ್ದು ನಾಲೆಯ ಏರಿಯೊಂದೇ. ಏರಿಯ ಕೊನೆಗೆ ತೂಬು, ತೂಬಿನ ಹತ್ತಿರ ಎಡಕ್ಕೆ ಮುರಿದು ಸಣ್ಣ ಸೇತುವೆ ದಾಟಿದರೆ ದಿಣ್ಣೆಯ ಟಾರು ರಸ್ತೆ, ಅಲ್ಲಿಂದ ನರಸೀಪುರದ ಆಸ್ಪತ್ರೆ.

ವಾಣಿ ಸೀಟಿನ ಪಕ್ಕದ, ಲಿವರಿನಂಥ ಸಣ್ಣ ಸನ್ನೆಯನ್ನು ಕೆಳಗೆ ಒತ್ತಿದಳು. ಅದು ಡಿಫರೆನ್ಶಿಯಲ್ ಲಾಕಿನ ಸನ್ನೆ, ಗದ್ದೆಗೆ ಇಳಿಯುವಾಗ ಮೇಲಕ್ಕೆ ಎತ್ತಿ ಲಾಕು ಹಾಕಿದ್ದಳು, ಈಗ ಬಿಡಿಸಬೇಕು. ಗಂಡ ಚಂದ್ರಶೇಖರ್ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿನ ಕೆಲಸಗಾರ, ಆದರೆ ಭಾನುವಾರ ಬಂತೆಂದರೆ ಗೆಳೆಯರ ಜೊತೆ ಜೀಪನ್ನು ಹಳ್ಳಕ್ಕೆ ಇಳಿಸಿ ಗುಡ್ಡಕ್ಕೆ ಹತ್ತಿಸುವ ಹುಚ್ಚಿನವನು. ಆ ಹುಚ್ಚಿಗೇ ಈ ಲಾಕು ಹಾಕಿಸಿದ್ದ. ಜೀಪು ತಿರುಗುವಾಗ ಹಿಂದಿನ ಎರಡು ಚಕ್ರದಲ್ಲಿ ಹೊರಗಿನದು ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಲಾಕು ಹಾಕಿದರೆ ಎರಡೂ ಒಂದೇ ಸಮ ಸುತ್ತುತ್ತವೆ. ಕೆಸರಿನಲ್ಲಿ ಅದು ದೇವರು, ಒಂದು ಚಕ್ರ ಜಾರಿದರೂ ಇನ್ನೊಂದು ಎಳೆಯುತ್ತದೆ. ಗಟ್ಟಿ ನೆಲದಲ್ಲಿ ಅದೇ ದೆವ್ವ. ಕೆಸರು ದಾಟಿದ ತಕ್ಷಣ ಬಿಡಿಸಬೇಕು ಅಂತ ಚಂದ್ರಶೇಖರ್ ಸಾವಿರ ಸಲ ಹೇಳಿಕೊಟ್ಟಿದ್ದ. ಅವಳು ಜೀಪು ಕಲಿತದ್ದು ಹಾಲಿನ ಕ್ಯಾನು ಡೈರಿಗೆ ಸಾಗಿಸುವುದಕ್ಕೆ, ಈ ಸನ್ನೆ ಮುಟ್ಟಿದ್ದು ಇವತ್ತೇ ಮೊದಲು.

"ಅತ್ತೆ, ಮಾವನ ತಲೆ ಇಡ್ಕಳಿ. ಹೊಂಟೆ," ಅಂದಳು.

ವಿಶಾಲಮ್ಮ ಗಂಡನ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಅವರು ಉತ್ತರ ಕೊಡುವುದೇ ಕಡಿಮೆ. ಅತ್ತೆ ಸೊಸೆ ಜಗಳವಾಡುತ್ತಿದ್ದರು ಅಂತಲ್ಲ, ಜಗಳವಾಡಿದ್ದರೆ ವಾಸಿಯಿತ್ತು. ಕವಲಂದೆಯ ಕಡೆಯಿಂದ ಬಂದ ಸೊಸೆ ಜೀಪಿನ ಸ್ಟೇರಿಂಗ್ ಹಿಡಿದ ದಿನ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು. ವಿಶಾಲಮ್ಮ ಸೆರಗು ಕೊಡವಿ ಒಳಗೆ ಹೋದರು. ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲೇ ಹೊಲ ಗದ್ದೆ ತುಳಿದ ಆ ಹೆಂಗಸಿಗೆ ವಾಣಿ ಯುಗಾದಿಗೆ ಅಂತ ನರಸೀಪುರದಲ್ಲಿ ಅಂಗಡಿ ಅಂಗಡಿ ಹುಡುಕಿ ಒಂದು ಜೊತೆ ಚಪ್ಪಲಿ ತಂದಿದ್ದಳು. ಮೆತ್ತನೆ ರಬ್ಬರಿನದು, ಪಟ್ಟಿಯ ಮೇಲೆ ಹಳದಿ ಹೂವು. ಅತ್ತೆ ಕೆಲವು ದಿನ ಅದನ್ನು ಮೆಟ್ಟಿಕೊಂಡು ಕೊಟ್ಟಿಗೆಗೂ ಬಾವಿಗೂ ಓಡಾಡಿದರು. ಆಮೇಲೆ ಚಪ್ಪಲಿ ಮಾಯ, ಮತ್ತೆ ಬರಿಗಾಲು. ಕೇಳಿದರೆ "ಅವೆ, ಬುಡವ್ವ" ಅಂದು ಸುಮ್ಮನಾದರು. ನಾನು ತಂದದ್ದು ಅವರ ಕಾಲಿಗೂ ಬೇಡ ಅಂತ ವಾಣಿ ಅವತ್ತು ಬಚ್ಚಲಲ್ಲಿ ನಿಂತು ಅತ್ತಿದ್ದಳು. ಇವತ್ತೂ ಆ ಕೆಸರಿನಲ್ಲಿ ಬರಿಗಾಲಲ್ಲೇ ಬಂದು ಜೀಪು ಹತ್ತಿದ್ದು ನೋಡಿ ಒಳಗೇ ಉರಿದುಕೊಂಡಿದ್ದಳು.

ಜೀಪು ಹೊರಟಿತು. ಹೊರಟದ್ದೇ ಸರಿಯಿರಲಿಲ್ಲ. ಹಿಂದಿನ ಚಕ್ರಗಳು ಏರಿಯ ಜಲ್ಲಿಯನ್ನು ಕೆರೆಯುತ್ತಾ ನರಳುತ್ತಿದ್ದವು. ಕೆಸರು ಮೆತ್ತಿರಬೇಕು, ಓಡಿದರೆ ಉದುರುತ್ತದೆ ಅಂದುಕೊಂಡಳು. ಹೊಂಗೆ ಮರದ ಹತ್ತಿರ ಏರಿ ಒಂದಿಷ್ಟು ಎಡಕ್ಕೆ ಬಾಗುತ್ತದೆ, ತಿರುವು ಅನ್ನುವಂಥದ್ದೇನಲ್ಲ, ಎಮ್ಮೆಯೂ ನಿದ್ದೆಗಣ್ಣಿನಲ್ಲಿ ದಾಟುವ ಜಾಗ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದಳು. ಮುಂದಿನ ಚಕ್ರ ತಿರುಗಿತು, ಜೀಪು ತಿರುಗಲಿಲ್ಲ. ಹಿಂದಿನಿಂದ ಯಾರೋ ದಬ್ಬುತ್ತಿರುವಂತೆ ನೆಟ್ಟಗೆ ಬಲಗಡೆಯ ಅಂಚಿಗೆ ಹೋಯಿತು. ವಾಣಿ ಬ್ರೇಕಿನ ಮೇಲೆ ನಿಂತುಬಿಟ್ಟಳು. ಬಲಗಡೆಯ ಕಿಟಕಿಯಿಂದ ಕೆಳಗೆ ನೋಡಿದರೆ ನೆಲವೇ ಕಾಣಲಿಲ್ಲ, ಬರೀ ಕೆಂಪು ನೀರು. ಚಕ್ರದ ಪಕ್ಕದಿಂದ ಕಲ್ಲೊಂದು ಉರುಳಿ ಆ ನೀರಿಗೆ ಬಿತ್ತು.

ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಇಲ್ಲಿ ಎರಡು ಕಡೆಯೂ ನೀರೇ. ಎಡಕ್ಕೆ ಕಂಠಮಟ್ಟ ತುಂಬಿದ ನಾಲೆ, ಬಲಕ್ಕೆ ಗದ್ದೆಯನ್ನೆಲ್ಲ ನುಂಗಿ ಏರಿಯ ಬುಡ ನೆಕ್ಕುತ್ತಿರುವ ಕಪಿಲೆ. ನಡುವೆ ಒಂದು ಜೀಪಿನ ಅಗಲಕ್ಕೆ ನಾಲ್ಕು ಬೆರಳು ಹೆಚ್ಚಿರುವ ಮಣ್ಣಿನ ದಾರಿ. ಇಷ್ಟು ಬಾಗಿದ್ದಕ್ಕೇ ಹೀಗಾದರೆ, ತೂಬಿನ ಹತ್ತಿರ ಪೂರ್ತಿ ಎಡಕ್ಕೆ ಮುರಿಯಬೇಕು. ಅಲ್ಲಿ ಕಲ್ಲುಹಾಸು, ಸೇತುವೆಗೆ ತಡೆಗೋಡೆಯಿಲ್ಲ.

"ಯಾಕವ್ವ ನಿಂತೆ?" ಹಲಗೆಯ ಮೇಲಿಂದ ಮಾವ ಕೇಳಿದರು.

"ಲಾಕು ಬುಟ್ಟಿಲ್ಲ ಮಾವ. ಹಿಂದ್ಗಡೆ ಚಕ್ರ ಎರಡೂ ಅಂಟ್ಕೊಂಡವೆ."

ಗುರುಮಲ್ಲಪ್ಪ ಆಯಸ್ಸೆಲ್ಲ ಎತ್ತು ಕಟ್ಟಿ ಉತ್ತವರು. ಅರ್ಥವಾಯಿತು. "ಎತ್ತು ತಿರುಗುಸ್ವಾಗ ಒಳಗಿಂದು ನಿಲ್ಬೇಕು, ಹೊರಗಿಂದು ನಡೀಬೇಕು. ಎರಡ್ರ ಕಾಲ್ನೂ ಸೇರ್ಸಿ ಕಟ್ಟುದ್ರೆ ನೆಟ್ಟುಗೆ ಹೊಳೆಗೆ ತಕ್ಕೊಂಡೋಯ್ತವೆ," ಅಂದು ನೋವಿಗೆ ಹಲ್ಲು ಕಚ್ಚಿದರು.

ವಾಣಿ ಗಂಡನಿಗೆ ಫೋನ್ ಹಚ್ಚಿದಳು.

"ರೀ, ಲಾಕು ಬುಡ್ತಾ ಇಲ್ಲ."

"ಯಾವ ಲಾಕು? ಎಲ್ಲಿದ್ದೀಯೇ ನೀನು? ನಾನಿಲ್ಲಿ ನಂಜನಗೂಡಲ್ಲಿ ಸಿಕ್ಕಾಕೊಂಡಿವ್ನಿ, ರೋಡ್ ಮೇಲೆ ನೀರು. ಅಪ್ಪ ಎಂಗವ್ರೆ?"

"ಏರಿ ಮೇಲಿವ್ನಿ. ಮಾವನ್ನ ಹಲಗೆಗೆ ಕಟ್ಟವ್ರೆ. ಸನ್ನೆ ಕೆಳಕ್ ಆಕಿದೀನಿ, ಜೀಪು ತಿರುಗ್ತಾ ಇಲ್ಲ. ಈಗ ತಾನೆ ಹೊಳೆಗೋಗ್ಬೇಕಿತ್ತು ಎಲ್ಲರೂವೆ!"

ಆ ಕಡೆ ಚಂದ್ರಶೇಖರನ ದನಿ ನಿಧಾನವಾಯಿತು. ಅವನಿಗೆ ಭಯವಾದಾಗ ದನಿ ನಿಧಾನವಾಗುತ್ತದೆ, ವಾಣಿಗೆ ಗೊತ್ತು. "ಗಾಬ್ರಿಯಾಗ್ಬ್ಯಾಡ. ಕೆಲವು ಸಲ ಒಳಗೆ ಹಲ್ಲು ಬಿಗ್ಕೊಂಡಿರುತ್ತೆ. ಒಂದು ಮಾರು ಹಿಂದಕ್ಕೆ ಬಾ, ಹಂಗೇ ಮುಂದಕ್ಕೋಗು. ಸ್ಟೇರಿಂಗ್ ಆ ಕಡೆ ಈ ಕಡೆ ಆಡುಸ್ತಾ ಮಾಡು. ಬಿಗಿ ಸಡಿಲ ಆದ್ರೆ ತಾನೇ ಬಿಡುತ್ತೆ."

ಫೋನನ್ನು ಮಡಿಲಲ್ಲಿಟ್ಟು ಹಿಂದಕ್ಕೆ ತೆಗೆದಳು, ಮುಂದಕ್ಕೆ ತಂದಳು. ಇನ್ನೊಂದು ಸಲ. ಮತ್ತೊಂದು ಸಲ. ಜೀಪು ಅಲುಗಾಡಿದಾಗೆಲ್ಲ ಹಲಗೆಯ ಮೇಲೆ ಮಾವ "ಶಿವನೇ" ಅಂದರು. ಚಕ್ರದ ನರಳಾಟ ನಿಲ್ಲಲಿಲ್ಲ.

"ಇಲ್ಲ ಕಣ್ರೀ, ಹಂಗೇ ಅದೆ."

"ಸನ್ನೆ ಎಂಗದೆ ನೋಡು. ಗಟ್ಟಿಯಾಗದಾ? ಸಡಿಲವಾಗದಾ?"

ವಾಣಿ ಸನ್ನೆಯನ್ನು ಮೇಲೆ ಕೆಳಗೆ ಆಡಿಸಿದಳು. ಬಿಂದಿಗೆ ಕಳಚಿದ ಹಗ್ಗದ ಹಾಗೆ ಸುಮ್ಮನೆ ಬಂತು, ಹೋಯಿತು. ಹಾಗೇ ಹೇಳಿದಳು.

"ಹಂಗಾದ್ರೆ ಮೇಲಿಂದೇನೂ ತೊಂದ್ರೆ ಇಲ್ಲ. ಸನ್ನೆ ಬಿಟ್ಟದೆ, ಕೇಬಲ್ಲೂ ಬಿಟ್ಟದೆ. ಕೆಳಗಡೆ ಎರಡು ಚಕ್ರದ ಮಧ್ಯೆ ದುಂಡಗಿರೋ ಹೌಸಿಂಗ್ ಮೇಲೆ ಒಂದು ಗೇಣುದ್ದ ಕಬ್ಬಿಣದ ಕೈ ಅದೆ. ಅದು ಸ್ಪ್ರಿಂಗಲ್ಲಿ ವಾಪಸ್ ಬರ್ಬೇಕು, ಬರ್ತಿಲ್ಲ. ಏನೋ ಅಡ್ಡ ಸಿಕ್ಕದೆ. ಕಲ್ಲೋ, ಕೊಂಬೆಯೋ. ಜಾಕ್ ಕೊಟ್ಟು ಒಂದು ಚಕ್ರ ಎತ್ತು. ಗೇರ್ ನ್ಯೂಟ್ರಲ್ಲಲ್ಲಿರ್ಲಿ, ಹ್ಯಾಂಡ್‌ಬ್ರೇಕ್ ಬಿಡು, ಮಿಕ್ಕಿದ ಚಕ್ರಕ್ಕೆ ಕಲ್ಲು ಕೊಡು. ಎತ್ತಿದ ಚಕ್ರನ ಕೈಲಿ ತಿರುಗುಸ್ನೋಡು. ತಿರುಗುದ್ರೆ ಲಾಕು ಬಿಟ್ಟಂಗೆ. ತಿರುಗ್ದೆ ಇದ್ರೆ ಆ ಕೈ ಹತ್ರ..."

ಅಲ್ಲಿಗೆ ಮಾತು ಕಟ್ಟಾಯಿತು. ಮತ್ತೆ ಹಚ್ಚಿದರೆ ಫೋನಿನಲ್ಲಿ ಸಿಗ್ನಲ್ಲೇ ಇಲ್ಲ. ಎಲ್ಲೋ ಟವರಿಗೂ ನೀರು ನುಗ್ಗಿರಬೇಕು.

ಇಳಿದು ನಿಂತಾಗ ವಾಣಿ ಕಂಡದ್ದು ಇನ್ನೊಂದು. ಜೀಪಿನ ಹಿಂದೆ, ಹೊಂಗೆ ಮರದ ಬುಡದಿಂದ ಏರಿಯ ಮೇಲೆ ಒಂದು ಸೀಳು ಬಿಟ್ಟಿತ್ತು. ಬೆರಳು ತೂರುವಷ್ಟು. ಅವಳು ನೋಡುತ್ತಿರುವಾಗಲೇ ಹೊಳೆಯ ಕಡೆಯ ಇಳಿಜಾರಿನಿಂದ ಹೆಂಟೆಯೊಂದು ಕಳಚಿ ಧುಡುಂ ಅಂತ ಬಿತ್ತು. ನೆಲ ಪಾದದಡಿ ಅದುರಿತು. ಹಿಂದಕ್ಕೆ ಹೋಗುವ ಮಾತು ಮುಗಿಯಿತು. ಮುಂದೆ ತೂಬು ಕಣ್ಣಿಗೆ ಕಾಣುತ್ತಿದೆ, ಕೂಗಿದರೆ ಕೇಳುವಷ್ಟು ದೂರ. ಕೇಳುವುದಕ್ಕೆ ಅಲ್ಲಿ ಯಾರೂ ಇಲ್ಲ.

"ವಾಣವ್ವ," ಮಾವ ಕರೆದರು. ಹೆಂಟೆ ಬಿದ್ದ ಸದ್ದು ಅವರಿಗೂ ಕೇಳಿಸಿತ್ತು. "ನನ್ನ ಇಲ್ಲೇ ಬುಟ್ಬುಡು. ನಿಮ್ಮತ್ತೆ ಕರ್ಕೊಂಡು ನಡ್ದು ಸೇತ್ವೆ ದಾಟ್ಕೋ. ನಂದೇನು, ಉಂಡಾಯ್ತು, ಉತ್ತಾಯ್ತು."

ವಾಣಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಸುಮ್ನಿರಿ ಮಾವ! ನಿಮ್ಮನ್ನ ಬುಟ್ಟೋಗಾಕೆ ಈ ಕೆಸರಲ್ಲಿ ಜೀಪು ತಂದ್ನಾ ನಾನು? ಸೊಂಟ ಮುರ್ಕೊಂಡದ್ದು ಸಾಲ್ದು ಅಂತ ನ್ಯಾಯ ಬೇರೆ ಯೋಳ್ತೀರ! ಅತ್ತೆ, ನೀವು ಇಳ್ದು ಸೇತ್ವೆ ಆ ಕಡೆಗೋಗಿ ನಿಂತ್ಕಳಿ."

ವಿಶಾಲಮ್ಮ ಇಳಿದರು, ಆದರೆ ಸೇತುವೆಯ ಕಡೆ ಹೋಗಲಿಲ್ಲ. "ಏನು ತರ್ಬೇಕು ಯೋಳು," ಅಂದರು.

ಬೈದು ಕಳಿಸುವಷ್ಟು ಹೊತ್ತು ವಾಣಿಗಿರಲಿಲ್ಲ. "ಕಲ್ಲು ತನ್ನಿ, ದಪ್ಪಂದು," ಅಂದಳು.

ಅತ್ತೆ ಏರಿಯ ಬದಿಯ ಕಲ್ಲುಗಳನ್ನು ಕಿತ್ತು ಕಿತ್ತು ತಂದು ಚಕ್ರಗಳ ಮುಂದಕ್ಕೂ ಹಿಂದಕ್ಕೂ ಒತ್ತಿದರು. ವಾಣಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟಳು. ಜೀಪು ಕೂದಲೆಳೆಯಷ್ಟು ಜರುಗಿ ಕಲ್ಲಿಗೆ ಒರಗಿ ನಿಂತಿತು. ನಾಲೆಯ ಕಡೆಯ ಚಕ್ರದ ಹತ್ತಿರ ಜಾಕ್ ಇಟ್ಟು ತಿರುಗಿಸಿದಳು. ಜೀಪು ಮೇಲಕ್ಕೆ ಏಳುವ ಬದಲು ಜಾಕ್ ಕೆಳಕ್ಕೆ ಇಳಿಯಿತು. ನೆನೆದ ಮಣ್ಣು ಅದನ್ನು ಬೆಣ್ಣೆಯ ಹಾಗೆ ಒಳಗೆ ತೆಗೆದುಕೊಂಡಿತು. ಅಡಿಗೆ ಏನಾದರೂ ಅಗಲವಾದದ್ದು ಕೊಡಬೇಕು. ಚಕ್ರಕ್ಕೆ ಕೊಟ್ಟ ಕಲ್ಲೆಲ್ಲ ಗುಂಡು ಗುಂಡು, ಮಾವ ಮಲಗಿದ ಹಲಗೆ ಎಳೆಯುವ ಹಾಗಿಲ್ಲ.

ವಿಶಾಲಮ್ಮ ಜೀಪಿನೊಳಗೆ ಕೈ ಹಾಕಿ ಮಣೆ ತಂದರು. ಹಲಸಿನ ಮರದ ಮಣೆ, ಮದುವೆಯಾದಾಗಿನಿಂದ ಗುರುಮಲ್ಲಪ್ಪ ಅದನ್ನು ಬಿಟ್ಟು ಇನ್ನೊಂದರ ಮೇಲೆ ಕೂತು ಉಂಡವರಲ್ಲ. ಅದನ್ನು ಜಾಕಿನ ಅಡಿಗೆ ತಳ್ಳಿದರು. ಈ ಸಲ ಜೀಪು ಎದ್ದಿತು. ಚಕ್ರ ನೆಲ ಬಿಟ್ಟಿತು.

ವಾಣಿ ಎರಡು ಕೈಯಲ್ಲಿ ಟೈರು ಹಿಡಿದು ತಿರುಗಿಸಿದಳು. ಕಲ್ಲುಗಂಬ. ಭುಜ ಕೊಟ್ಟು ದಬ್ಬಿದಳು. ಆ ಕಡೆಯ ಚಕ್ರಕ್ಕೂ ಇದಕ್ಕೂ ಗಂಟು ಬಿದ್ದಿದೆ, ಬಿಡಲೊಲ್ಲದು. ಇನ್ನು ಅಡಿಗೆ ಹೋಗದೆ ವಿಧಿಯಿಲ್ಲ.

ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬಾರದು ಅಂತ ಹೇಳಿಕೊಟ್ಟವನೂ ಚಂದ್ರಶೇಖರನೇ. ಅದೂ ಬಿರುಕು ಬಿಟ್ಟ ಏರಿಯ ಮೇಲೆ, ಮಣೆಯ ಮೇಲೆ ನಿಂತ ಜಾಕು. ವಾಣಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೆಸರಲ್ಲಿ ಅಂಗಾತ ಮಲಗಿ ಹಿಂದಿನಿಂದ ಒಳಕ್ಕೆ ಸರಿದಳು. ನಾನು ಸತ್ತರೆ ಇವರಿಬ್ಬರನ್ನು ದಾಟಿಸುವವರು ಯಾರೂ ಇಲ್ಲ ಅನ್ನುವ ಯೋಚನೆಯೊಂದು ಬಂತು. ಅದನ್ನು ಅಲ್ಲೇ ಬಿಟ್ಟು ಕೈ ಚಾಚಿದಳು.

ಕೆಳಗೆ ಎಲ್ಲವೂ ಒಂದೇ ಬಣ್ಣ. ಬೆರಳಿನಿಂದ ಕೆಸರು ಗೋರುತ್ತಾ ಹೋದಳು. ದುಂಡನೆಯ ಹೌಸಿಂಗ್ ಸಿಕ್ಕಿತು, ಸ್ಪ್ರಿಂಗ್ ಸಿಕ್ಕಿತು, ಕಬ್ಬಿಣದ ಕೈ ಸಿಕ್ಕಿತು. ಕೈಗೂ ಹೌಸಿಂಗಿಗೂ ನಡುವೆ ಒಂದು ಕೆಸರಿನ ಉಂಡೆ ಕಚ್ಚಿ ಕೂತಿತ್ತು. ಇದೇ ಅಡ್ಡ. ಕೀಳಲು ಹೋದಳು, ಬರಲಿಲ್ಲ. ಹಿಚುಕಿದರೆ ಮೆತ್ತಗಿದೆ, ಕಲ್ಲಲ್ಲ, ಕೊಂಬೆಯಲ್ಲ. ಅದರಿಂದ ಒಂದು ತಂತಿ ಹೊರಟು ಕಬ್ಬಿಣದ ಕೈಗೆ ಸುತ್ತಿಕೊಂಡಿದೆ. ತಂತಿ ತಾನಾಗಿ ಸುತ್ತಿಕೊಂಡದ್ದಲ್ಲ, ಯಾರೋ ನೆಮ್ಮದಿಯಾಗಿ ಕೂತು ಹೊಸೆದು ಹೊಸೆದು ಕಟ್ಟಿದ್ದು. ಹೆಬ್ಬೆರಳಿನಿಂದ ಕೆಸರು ಒರೆಸಿದಳು. ರಬ್ಬರಿನ ಪಟ್ಟಿ. ಪಟ್ಟಿಯ ಮೇಲೆ ಹಳದಿ ಹೂವು.

ವಾಣಿಯ ಕೈ ನಿಂತಿತು.

ದೃಷ್ಟಿ ಚಪ್ಪಲಿ. ಲಾರಿಯವರು, ಟ್ರಾಕ್ಟರಿನವರು, ಹೊಸ ಮನೆ ಕಟ್ಟುವವರು, ಕೆಟ್ಟ ಕಣ್ಣು ತಾಗದಿರಲಿ ಅಂತ ಎಡಗಾಲಿನದೊಂದನ್ನು ಕಟ್ಟುತ್ತಾರೆ. ಜೀಪಿನ ಅಡಿಯಲ್ಲಿ ಕಟ್ಟುವುದಕ್ಕೆ ಅನುಕೂಲವಾಗಿ ಚಾಚಿಕೊಂಡಿರುವುದು ಈ ಕೈಯೊಂದೇ. ಯುಗಾದಿಯಾದ ಮೇಲೆ ಚಂದ್ರಶೇಖರನಿಗೆ ಭಾನುವಾರವೂ ಶಿಫ್ಟು, ಲಾಕು ಹಾಕದೆ ಓಡಾಡಿದಷ್ಟು ದಿನ ಚಪ್ಪಲಿ ಪಾಡಿಗೆ ಚಪ್ಪಲಿ ತೂಗಾಡಿಕೊಂಡಿತ್ತು. ಇವತ್ತು ಲಾಕು ಹಾಕಿದಾಗ ಕಬ್ಬಿಣದ ಕೈ ಆ ಕಡೆ ವಾಲಿದೆ, ಗದ್ದೆಯ ಕೆಸರು ಚಪ್ಪಲಿಯನ್ನು ಮೇಲಕ್ಕೆ ಒತ್ತಿದೆ, ಅದು ಸಂದಿಯಲ್ಲಿ ಮಡಚಿಕೊಂಡು ಬಾಗಿಲಿಗೆ ಕೊಟ್ಟ ಅಡ್ಡದ ಹಾಗೆ ಕೂತುಬಿಟ್ಟಿದೆ.

"ಅತ್ತೆ," ವಾಣಿ ಒಳಗಿಂದಲೇ ಕೂಗಿದಳು. "ಈ ಚಪ್ಪಲಿ ಕಟ್ಟಿದ್ದು ಯಾರು?"

ಹೊರಗೆ ಅತ್ತೆಯ ಬರಿಗಾಲುಗಳು ಕಾಣುತ್ತಿದ್ದವು. ಆ ಕಾಲುಗಳು ಅಲ್ಲಾಡಲಿಲ್ಲ.

"ಅತ್ತೆ! ಲಾಕು ಇಡ್ದಿರೋದು ಇದೇ! ಬಿಚ್ಚಕಾಯ್ತಿಲ್ಲ!"

ಆಗ ಮೊದಲು ಮಂಡಿ ಕಂಡಿತು, ಆಮೇಲೆ ಮುಖ. ವಿಶಾಲಮ್ಮ ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ನೋಡಿದರು. "ಅಯ್ಯೋ ನನ್ನ ಕೈಗೆ ಕರಿನಾಗ್ರ ಕಡಿಯಾ," ಅಂದರು. ಅಂದವರೇ ಸೆರಗು ಸೊಂಟಕ್ಕೆ ಬಿಗಿದು ಜೀಪಿನ ಅಡಿಗೆ ತೆವಳಿಕೊಂಡು ಬಂದರು.

"ನೀವ್ಯಾಕೆ ಬಂದ್ರಿ? ಮಾವನ ಹತ್ರ ಇರಿ!"

"ಸರ್ಕೋ. ನಾನಾಕಿದ್ ಗಂಟು ನಂಗೆ ಗೊತ್ತು. ಎಡಕ್ಕೆ ಹೊಸ್ದಿವ್ನಿ, ಬಲಕ್ ಬಿಚ್ಬೇಕು."

ಇಬ್ಬರ ತಲೆಯೂ ಆಕ್ಸಲಿನ ಅಡಿಯಲ್ಲಿ ಒಂದಕ್ಕೊಂದು ತಾಗಿದವು. ಹುಲ್ಲು ಹೊರೆ ಕಟ್ಟಿ ಕಟ್ಟಿ ಬಲಿತ ಆ ಬೆರಳುಗಳು ತಂತಿಯ ತುದಿಯನ್ನು ಕಣ್ಣಿಲ್ಲದೆ ಹುಡುಕಿದವು. ವಾಣಿ ಚಪ್ಪಲಿಯನ್ನು ಎರಡು ಕೈಯಲ್ಲಿ ಹಿಡಿದು ತನ್ನ ಕಡೆ ಎಳೆಯುತ್ತಿದ್ದಳು. ಎಲ್ಲೋ ಹತ್ತಿರದಲ್ಲೇ ಇನ್ನೊಂದು ಹೆಂಟೆ ಕಳಚಿತು. ಜೀಪು ಮೇಲೆ ಕಿರ್ ಅಂದಿತು, ಮಣೆ ಟಸಕ್ ಅಂತ ಸೀಳಿದ ಸದ್ದಾಯಿತು. ಮಣೆ ಸೀಳಿದರೂ ಜಾಕು ನಿಂತೇ ಇತ್ತು.

"ಅತ್ತೆ, ಓಗಿ ಆಚೆಗೆ. ದಮ್ಮಯ್ಯ ಅಂತೀನಿ."

"ಬಾಯ್ ಮುಚ್ಕೊಂಡು ಎಳಿ."

ಮದುವೆಯಾಗಿ ಬಂದ ಮೇಲೆ ಅತ್ತೆ ಅವಳಿಗೆ ಅಷ್ಟು ಗಟ್ಟಿಯಾಗಿ ಗದರಿದ್ದು ಅದೇ ಮೊದಲು. ವಾಣಿ ಎಳೆದಳು. ತಂತಿಯ ಒಂದು ಸುತ್ತು ಬಿಚ್ಚಿತು, ಇನ್ನೊಂದು ಬಿಚ್ಚಿತು. ವಿಶಾಲಮ್ಮನ ಬೆರಳು ಕುಯ್ದು ರಕ್ತ ವಾಣಿಯ ಮಣಿಕಟ್ಟಿನ ಮೇಲೆ ಬೆಚ್ಚಗೆ ಇಳಿಯಿತು. ಕೊನೆಯ ಸುತ್ತು ಸಡಿಲವಾದದ್ದೇ, ಚಪ್ಪಲಿ ಬುಳುಕ್ಕನೆ ಸಂದಿಯಿಂದ ಕಳಚಿಕೊಂಡು ಅವಳ ಎದೆಯ ಮೇಲೆ ಬಿತ್ತು. ಅದರ ಹಿಂದೆಯೇ ಸ್ಪ್ರಿಂಗು ಕಬ್ಬಿಣದ ಕೈಯನ್ನು ಎಳೆದುಕೊಂಡಿತು. ಟಕ್.

ಇಬ್ಬರೂ ಹೊರಗೆ ಬಂದರು. ವಾಣಿ ಎತ್ತಿದ ಚಕ್ರಕ್ಕೆ ಕೈ ಹಚ್ಚಿದಳು. ಚಕ್ರ ರಾಟೆಯಂತೆ ತಿರುಗಿತು. ಅವಳು ಟೈರಿಗೆ ಹಣೆ ಒತ್ತಿಕೊಂಡು ನಿಂತಳು, ಒಂದೇ ಗಳಿಗೆ.

"ಏನಾಯ್ತ್ರಮ್ಮಿ? ಇಬ್ರೂ ಸತ್ತ್ರಾ ಬದುಕಿದೀರಾ?" ಮಾವ ಕೂಗಿದರು.

"ಬದುಕಿವಿ ಮಾವ. ಗಟ್ಟಿಯಾಗಿ ಇಡ್ಕಳಿ."

ಜಾಕು ಇಳಿಯಿತು. ಮಣೆ ಎರಡು ಹೋಳಾಗಿ ಮಣ್ಣಿನಲ್ಲೇ ಉಳಿಯಿತು. ವಾಣಿ ಅದರ ಕಡೆ ನೋಡಿದ್ದು ಕಂಡು ಅತ್ತೆ "ಓಗ್ಲಿ ಬುಡು, ಕೂರೋರು ಇದ್ರೆ ಮಣೆ ಮಾಡುಸ್ಬೋದು" ಅಂದು ಚಕ್ರದ ಕಲ್ಲು ಎಳೆದು ಹಾಕಿದರು. ಜೀಪು ಹತ್ತಲಿಲ್ಲ, ಮುಂದೆ ಹೊರಟರು. "ನಾನ್ ಮುಂದೆ ಓಯ್ತೀನಿ. ಸೇತ್ವೆ ಅಂಚು ನಿಂಗೆ ಕಾಣಾಕಿಲ್ಲ, ನಂಗೆ ಕಾಣುಸ್ತದೆ."

ತೂಬಿನ ತಿರುವಿನಲ್ಲಿ ವಾಣಿ ಜೀಪು ನಿಲ್ಲಿಸಿದಳು. ಎದುರಿಗೆ ಕಲ್ಲುಹಾಸು, ಅದರಾಚೆ ಹೊಳೆ. ಎಡಕ್ಕೆ ಸೇತುವೆ, ಸೇತುವೆಯ ಎರಡು ಅಂಚನ್ನೂ ಒರೆಸಿಕೊಂಡು ಓಡುವ ನಾಲೆ. ಸೇತುವೆಯ ಮೇಲೆ ವಿಶಾಲಮ್ಮ ಜೀಪಿಗೆ ಮುಖ ಮಾಡಿ ನಿಂತು, ಎರಡು ಕೈಯನ್ನೂ ಎತ್ತಿ, ಎತ್ತಿನ ಗಾಡಿ ಕರೆಯುವ ಹಾಗೆ "ಬಾ... ಬಾ..." ಅನ್ನುತ್ತಿದ್ದರು. ಒಂದು ಕೈಯಿಂದ ರಕ್ತ ಮೊಳಕೈವರೆಗೆ ಇಳಿದಿತ್ತು. ಲಾಕು ಬಿಟ್ಟಿದೆ ಅಂತ ಚಕ್ರ ತಿರುಗಿಸಿದ ಕೈ ಹೇಳಿತ್ತು, ಆದರೂ ಮನಸ್ಸು ನಂಬಬೇಕಲ್ಲ. ಮತ್ತೆ ನೆಟ್ಟಗೆ ಹೋದರೆ? ವಾಣಿ ಕ್ಲಚ್ಚು ಬಿಡುತ್ತಾ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು.

ಜೀಪು ತಿರುಗಿತು. ಒಳಗಿನ ಚಕ್ರ ನಿಂತ ಹಾಗೆ ನಿಂತು, ಹೊರಗಿನದು ಸುತ್ತು ಬಂದು, ಹೇಳಿದ ಮಾತು ಕೇಳುವ ಮುದಿ ಎತ್ತಿನ ಹಾಗೆ ಮೂತಿ ಸೇತುವೆಯ ಕಡೆ ಹೊರಳಿತು. ಅತ್ತೆ ಕೈ ತೋರಿಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದರು, ಅವಳು ಆ ಎರಡು ಕೈಗಳ ನಡುವೆ ಮಾತ್ರ ನೋಡುತ್ತಾ ಬಂದಳು. ಸೇತುವೆ ಮುಗಿಯಿತು. ಟಾರು ಸಿಕ್ಕಿತು. ತಿರುಗಿ ನೋಡಿದರೆ ಹೊಂಗೆ ಮರ ಹೊಳೆಯ ಕಡೆ ವಾಲಿತ್ತು, ಅದರ ಬುಡದಲ್ಲಿ ಏರಿಯ ಅರ್ಧ ಅಗಲ ಇರಲಿಲ್ಲ.

ವಾಣಿ ರಸ್ತೆಯ ಪಕ್ಕ ನಿಲ್ಲಿಸಿ ಇಳಿದಳು. ವಿಶಾಲಮ್ಮ ಅವಳ ಕಡೆ ನೋಡಲಿಲ್ಲ. ಸೀಟಿನ ಮೇಲಿದ್ದ ಚಪ್ಪಲಿಯನ್ನು ತಂತಿಯ ಸಮೇತ ಎತ್ತಿಕೊಂಡು ನಾಲೆಯ ಕಡೆ ನಡೆದರು.

"ಎಲ್ಲಿಗೆ ಅತ್ತೆ?"

"ಬಿಸಾಕ್ತೀನಿ. ಕಾಯ್ಲಿ ಅಂತ ಕಟ್ಟುದ್ರೆ ಕೊಲ್ಲಾಕೆ ನಿಂತಿತ್ತು, ಮುಂಡೇದು."

"ನಾನು ತಂದ್ಕೊಟ್ಟಿದ್ದನ್ನೇ ಯಾಕೆ ಕಟ್ಟುದ್ರಿ?" ವಾಣಿ ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಈಗ ಹೊರಗೆ ಬಂತು. "ಮೆಟ್ಟಾಕೆ ಇಷ್ಟ ಇಲ್ದೆ ಇದ್ರೆ ಯೋಳ್ಬೋದಿತ್ತು. ಯಾವ್ದಾದ್ರೂ ಹಳೇದು ಕಟ್ಬೋದಿತ್ತಲ್ಲ?"

ವಿಶಾಲಮ್ಮ ನಿಂತರು. ಪೆದ್ದು ಹುಡುಗಿಯನ್ನು ನೋಡುವಂತೆ ಅವಳನ್ನು ನೋಡಿದರು. "ಹಳೇದು ಎಲ್ಲಿತ್ತವ್ವ ನಂಗೆ? ಹುಟ್ದಾಗಿಂದ ಮೆಟ್ಟಿದ್ದು ಅದೊಂದೇ ಜೊತೆ. ದೃಷ್ಟಿಗೆ ಕಟ್ಟೋರು ತಾವೇ ಮೆಟ್ಟಿ ಹಳೇದು ಮಾಡಿದ್ದೇ ಕಟ್ಬೇಕು. ಅದುಕ್ಕೇ ಸ್ವಲ್ಪ ದಿನ ಮೆಟ್ಕೊಂಡು ಓಡಾಡ್ದೆ. ಕಾಲೆಲ್ಲ ಬೊಬ್ಬೆ ಬಂತು." ಕೈಯಲ್ಲಿದ್ದ ಚಪ್ಪಲಿ ತಿರುಗಿಸುತ್ತಾ ಅಂದರು, "ನೀನು ಜೀಪ್ ಏರಿ ಓಯ್ತಿದ್ರೆ ಊರೋರ ಕಣ್ಣೆಲ್ಲ ನಿನ್ ಮ್ಯಾಲೇ. ಯಾರ್ ಕಣ್ಣು ತಾಕ್ಬುಡ್ತದೋ ಅಂತ ನಂಗೆ ದಿಗಿಲಾಯ್ತಿತ್ತು."

ವಾಣಿ ಹತ್ತಿರ ಹೋಗಿ ಅತ್ತೆಯ ಕೈಯಿಂದ ಚಪ್ಪಲಿ ಕಿತ್ತುಕೊಂಡಳು. ಸೆರಗಿನಿಂದ ಅದರ ಕೆಸರು ಒರೆಸಿದಳು. ಅದೇ ಸೆರಗಿನ ಒಣಗಿದ ತುದಿಯನ್ನು ಹರಿದು ಅತ್ತೆಯ ಬೆರಳಿಗೆ ಸುತ್ತಿದಳು.

"ಬಲಗಾಲಿಂದು ಎಲ್ಲದೆ?"

"ಅಟ್ಟದ್ ಮ್ಯಾಲಿತ್ತು. ಈಗ ಹೊಳೆಗೆ ಗೊತ್ತು."

ವಾಣಿ ಅತ್ತೆಯ ಮೊಳಕೈ ಹಿಡಿದು ಜೀಪಿನ ಮುಂಭಾಗಕ್ಕೆ ಕರೆದುಕೊಂಡು ಬಂದಳು. ಬಂಪರಿನ ಮೇಲೆ ಕೈ ಬಡಿದು ತೋರಿಸಿದಳು. "ಇಲ್ಲಿ ಕಟ್ಟಿ. ಇದು ಅಲ್ಲಾಡಲ್ಲ, ತಿರುಗಲ್ಲ, ಏನೂ ಮಾಡಲ್ಲ."

ವಿಶಾಲಮ್ಮ ಅನುಮಾನದಿಂದ ಬಂಪರನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ತಂತಿ ಹೊಸೆಯತೊಡಗಿದರು, ಎಡಕ್ಕೆ, ಮೊದಲಿನ ಹಾಗೇ.

"ಲೇ," ಹಿಂದಿನಿಂದ ಗುರುಮಲ್ಲಪ್ಪ ಕೂಗಿದರು, "ಸೊಂಟ ಮುರ್ದೋನೊಬ್ಬ ಇಲ್ಲಿ ಬಿದ್ದಿವ್ನಿ. ಆಸ್ಪತ್ರೆಗೋಗೋ ಯೋಚ್ನೆ ಅದಾ ಇಲ್ವಾ?"

"ಬಂದ್ವಿ ಇರಿ ಮಾವ, ಒಂದೇ ಗಂಟು," ಅಂದಳು ವಾಣಿ. ಅತ್ತೆಯ ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ಗಂಟು ಜಾರುತ್ತಿತ್ತು. ವಾಣಿ ಪಕ್ಕದಲ್ಲಿ ಕೂತು ಅದರ ಮೇಲೆ ತನ್ನ ಬೆರಳಿಟ್ಟು ಹಿಡಿದುಕೊಂಡಳು, ಅತ್ತೆ ಬಿಗಿದರು.